ಗೋಡೆಗಿಂತ ಮುಂಚಿನ ಗೆರೆ

ಇಟಲಿಯ ಮಿಲಾನ್ ನಗರದಲ್ಲಿ ಆಂಬ್ರೋಸಿಯಾನಾ ಎಂಬ ಹಳೆಯ ಚಿತ್ರಶಾಲೆ ಇದೆ. ಅಲ್ಲಿರುವ ಒಂದು ಚಿತ್ರಕ್ಕೆ ಬಣ್ಣವೇ ಇಲ್ಲ. ಇದ್ದಿಲಿನ ಗೆರೆ, ಅಲ್ಲಲ್ಲಿ ಒಂದಿಷ್ಟು ಬಿಳಿ, ಅಷ್ಟೆ. ಎತ್ತರ 285 ಸೆಂಟಿಮೀಟರು, ಅಗಲ 804 ಸೆಂಟಿಮೀಟರು. ಅಷ್ಟಗಲದ ಕಾಗದ ಆ ಕಾಲದಲ್ಲಿ ಸಿಗುತ್ತಿರಲಿಲ್ಲವಾದ್ದರಿಂದ 200ಕ್ಕೂ ಹೆಚ್ಚು ಹಾಳೆಗಳನ್ನು ಅಂಚಿಗೆ ಅಂಚು ಅಂಟಿಸಿ ಹರಡಿಕೊಂಡಿದ್ದಾರೆ. ರೋಮಿನ ಪೋಪರ ಅರಮನೆಯ ಗೋಡೆಗೆ ‘ಸ್ಕೂಲ್ ಆಫ್ ಅಥೆನ್ಸ್’ ಎಂಬ ಭಿತ್ತಿಚಿತ್ರ ಬರೆಯುವ ಮುಂಚೆ, 1509ರ ಆಸುಪಾಸಿನಲ್ಲಿ, ರಾಫೇಲ್ ಎಂಬ ಚಿತ್ರಕಾರ ಗೋಡೆಯ ಅಳತೆಯಲ್ಲೇ ಬರೆದುಕೊಂಡ ಕರಡು ಇದು. 1796ರಲ್ಲಿ ನೆಪೋಲಿಯನ್ನನ ಕಡೆಯವರು ಇದನ್ನು ಪ್ಯಾರಿಸಿಗೆ ಸಾಗಿಸಿದ್ದರು. ಆಮೇಲೆ ಅದು ಮಿಲಾನಿಗೆ ಮರಳಿತು. ನಾಲ್ಕು ವರ್ಷಗಳ ದುರಸ್ತಿ ಮುಗಿದು 2019ರಲ್ಲಿ ಮತ್ತೆ ಜನರ ನೋಟಕ್ಕೆ ತೆರೆದುಕೊಂಡಿತು. ಗೋಡೆಗೆ ಏರಿದ ಚಿತ್ರಕ್ಕೆ ಸಿಗುವ ಮರ್ಯಾದೆಯೇ ಅದರ ಕರಡಿಗೂ ಸಿಕ್ಕಿದೆ ಎನ್ನಬೇಕು.

ಇಂಥ ಕರಡುಗಳ ಸುದ್ದಿ ಬಂದಾಗ ನಮ್ಮಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ. ಮೊದಲನೆಯದು ಕೀಳರಿಮೆಯ ಮಾತು: ಅವರು ಲೆಕ್ಕ ಹಾಕಿ, ಯೋಜನೆ ಮಾಡಿ ಬರೆದರು, ನಮ್ಮವರು ಕೈಗೆ ಬಂದಂತೆ ಬರೆದರು, ಅದಕ್ಕೇ ಬಾದಾಮಿಯದಾಗಲಿ ಹಂಪೆಯದಾಗಲಿ ಒಂದು ಕರಡೂ ಉಳಿದಿಲ್ಲ. ಎರಡನೆಯದು ಹೆಮ್ಮೆಯ ಮಾತು: ನಮ್ಮ ಶಿಲ್ಪಿ ಚಿತ್ರಕಾರರಿಗೆ ಕರಡು ಬೇಕಿರಲಿಲ್ಲ, ಧ್ಯಾನದಲ್ಲಿ ಕಂಡದ್ದನ್ನು ಅವರು ನೇರವಾಗಿ ಗೋಡೆಗೆ ಇಳಿಸುತ್ತಿದ್ದರು. ಮೇಲ್ನೋಟಕ್ಕೆ ಈ ಎರಡೂ ಒಂದಕ್ಕೊಂದು ಎದುರು. ಆದರೆ ಎರಡೂ ನಿಂತಿರುವ ನೆಲ ಒಂದೇ. ಕರಡು ಇದ್ದರೆ ಒಂದು ಬಗೆಯ ಮನಸ್ಸು, ಇಲ್ಲದಿದ್ದರೆ ಇನ್ನೊಂದು ಬಗೆಯ ಮನಸ್ಸು ಎಂದು ಎರಡೂ ನಂಬಿವೆ. ಆ ನಂಬಿಕೆಯನ್ನೇ ಇವತ್ತು ಪರೀಕ್ಷೆಗೆ ಒಡ್ಡಬೇಕೆಂದಿದ್ದೇನೆ. ನನ್ನ ವಾದ ಇಷ್ಟು: ಗೋಡೆಯ ಅಳತೆಯ ಕರಡು ಹುಟ್ಟಿದ್ದು ಹಸಿ ಸುಣ್ಣ ಮತ್ತು ಅಗ್ಗದ ಕಾಗದ ಒಂದೆಡೆ ಕೂಡಿದ್ದರಿಂದ. ಈ ಎರಡರಲ್ಲಿ ಒಂದು ಇಲ್ಲದ ಕಡೆ ಅಂಥ ಕರಡೂ ಇರಲಿಲ್ಲ. ಯೋಜನೆ ಮಾತ್ರ ಎಲ್ಲ ಕಡೆಯೂ ಇತ್ತು.

ಮೊದಲು ಸುಣ್ಣದ ವಿಷಯ ನೋಡೋಣ. ಇಟಲಿಯವರ ನಿಜವಾದ ಭಿತ್ತಿಚಿತ್ರದಲ್ಲಿ ಬಣ್ಣಕ್ಕೆ ಅಂಟು ಬೆರೆಸುವುದಿಲ್ಲ. ನೀರಿನಲ್ಲಿ ಕಲಸಿದ ಬಣ್ಣವನ್ನು ಒದ್ದೆ ಗಾರೆಯ ಮೇಲೆ ಹಚ್ಚುತ್ತಾರೆ. ಗಾರೆಯಲ್ಲಿರುವ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೆ ಹಿಡಿದುಬಿಡುತ್ತದೆ. ಆಮೇಲೆ ಒರೆಸಿದರೂ ಬಣ್ಣ ಹೋಗದು. ಈ ಗಟ್ಟಿತನಕ್ಕೆ ತೆರಬೇಕಾದ ಬೆಲೆ ಸಮಯ. ಗಾರೆ ಒದ್ದೆಯಾಗಿರುವ ಕೆಲವೇ ಗಂಟೆಗಳಲ್ಲಿ ಕೆಲಸ ಮುಗಿಯಬೇಕು. ಆದ್ದರಿಂದ ಆ ದಿನ ಎಷ್ಟು ಬರೆಯಬಲ್ಲರೋ ಅಷ್ಟಕ್ಕೇ ಗಾರೆ ಬಳಿಯುತ್ತಿದ್ದರು. ಉಳಿದದ್ದನ್ನು ಕತ್ತರಿಸಿ ತೆಗೆದು ಮರುದಿನ ಹೊಸದಾಗಿ ಬಳಿಯುತ್ತಿದ್ದರು. ಇಂದಿಗೂ ಆ ಗೋಡೆಗಳನ್ನು ಹತ್ತಿರದಿಂದ ನೋಡಿದರೆ ಒಂದೊಂದು ದಿನದ ತುಂಡಿನ ಜೋಡಣೆ ಕಾಣುತ್ತದೆ. ತೊಡಕು ಹುಟ್ಟುವುದೂ ಇಲ್ಲೇ. ಒಳಗಾರೆಯ ಮೇಲೆ ಕೆಮ್ಮಣ್ಣಿನಿಂದ ಇಡೀ ಚಿತ್ರವನ್ನು ಗುರುತು ಹಾಕಿಕೊಂಡಿದ್ದರೂ, ಅದರ ಮೇಲೆ ಹಸಿ ಗಾರೆ ಬಳಿದ ಕೂಡಲೇ ಆ ಗುರುತು ಮುಚ್ಚಿಹೋಗುತ್ತದೆ. ಯಾವ ಜಾಗದಲ್ಲಿ ಕೈ ಬಿರುಸಾಗಿ ನಡೆಯಬೇಕೋ ಆ ಜಾಗದಲ್ಲೇ ದಾರಿ ತೋರುವ ಗೆರೆ ಇಲ್ಲದಂತಾಗುತ್ತದೆ.

ಆ ಕೆಮ್ಮಣ್ಣಿನ ಗೆರೆಗಳು ಹೇಗಿದ್ದವೆಂದು ಲೋಕಕ್ಕೆ ಸರಿಯಾಗಿ ತಿಳಿದದ್ದು ಒಂದು ಅನಾಹುತದಿಂದ. 1944ರ ಜುಲೈ 27ರಂದು, ಎರಡನೆಯ ಮಹಾಯುದ್ಧದಲ್ಲಿ, ಪೀಸಾ ನಗರದ ಕಾಂಪೊಸಾಂಟೊ ಎಂಬ ಸಮಾಧಿ ಆವರಣಕ್ಕೆ ಬೆಂಕಿ ಬಿತ್ತು. ಚಾವಣಿಯ ಸೀಸ ಕರಗಿ ಸುರಿಯಿತು. ಉಳಿದ ಚಿತ್ರಗಳನ್ನಾದರೂ ಕಾಪಾಡಲೆಂದು ಬಣ್ಣದ ಪದರವನ್ನು ಗೋಡೆಯಿಂದ ಬಿಡಿಸಿದಾಗ ಅದರ ಹಿಂದೆ, ಆರು ಶತಮಾನ ಯಾರೂ ಕಾಣದ ಕೆಂಪು ಗೆರೆಗಳು ಇದ್ದವು. ಈಗ ಅವುಗಳಿಗಾಗಿಯೇ ಪೀಸಾದಲ್ಲಿ ಒಂದು ಸಂಗ್ರಹಾಲಯವಿದೆ. 1979ರಲ್ಲಿ ಅದು ತೆರೆಯಿತು. ಕಾಗದದ ಕರಡು ಬರುವ ಮುಂಚಿನ ಇಟಲಿಯಲ್ಲೂ ಕಲಾವಿದ ಗೋಡೆಯ ಮೇಲೆಯೇ ಯೋಚಿಸುತ್ತಿದ್ದ, ಆ ಯೋಚನೆ ಚಿತ್ರದೊಳಗೇ ಹೂತುಹೋಗುತ್ತಿತ್ತು ಎಂಬುದಕ್ಕೆ ಆ ಗೆರೆಗಳು ಸಾಕ್ಷಿ. ಹಾಗಾದರೆ ‘ಕರಡು ಕಾಣುವುದಿಲ್ಲ’ ಎಂಬುದರಿಂದ ‘ಯೋಜನೆ ಇರಲಿಲ್ಲ’ ಎಂದು ಹೇಳುವ ತರ್ಕ ಇಟಲಿಯಲ್ಲೇ ಮುರಿದುಬೀಳುತ್ತದೆ.

ಮುಚ್ಚಿಹೋಗುವ ಗೆರೆಗೆ ಪರಿಹಾರವಾಗಿ ಬಂದದ್ದು ಕಾಗದ. ಕರಡನ್ನು ಗೋಡೆಯ ಅಳತೆಯಲ್ಲೇ ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ರಂಧ್ರ ಮಾಡಿ, ಒದ್ದೆ ಗಾರೆಗೆ ಒತ್ತಿ ಹಿಡಿದು, ಇದ್ದಿಲಿನ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ತಟ್ಟಿದರೆ ಗೋಡೆಯ ಮೇಲೆ ಚುಕ್ಕೆಗಳ ಸಾಲು ಮೂಡುತ್ತದೆ. ಇಲ್ಲವೆಂದರೆ ಚೂಪಾದ ಕಡ್ಡಿಯಿಂದ ಕಾಗದದ ಮೇಲೆ ಒತ್ತಿ ಎಳೆದರೆ ಮೆತ್ತನೆಯ ಗಾರೆಯಲ್ಲಿ ಗೀರು ಬೀಳುತ್ತದೆ. ಇದನ್ನು ಊಹಿಸಿಕೊಳ್ಳಲು ಶಿವಮೊಗ್ಗದವರು ಇಟಲಿಗೆ ಹೋಗಬೇಕಾಗಿಲ್ಲ. ಮದುವೆಯ ರವಿಕೆಗೆ ಆರಿ ಕಸೂತಿ ಹಾಕುವ ಅಂಗಡಿಗಳಲ್ಲಿ ಇವತ್ತಿಗೂ ಟ್ರೇಸಿಂಗ್ ಕಾಗದಕ್ಕೆ ಸೂಜಿಯಿಂದ ರಂಧ್ರ ಹಾಕಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಒರೆಸಿ ವಿನ್ಯಾಸವನ್ನು ಬಟ್ಟೆಗೆ ಇಳಿಸುತ್ತಾರೆ. ರಾಫೇಲನ ಕೆಲಸಗಾರರು ಗೋಡೆಗೆ ಮಾಡಿದ್ದೂ ಇದನ್ನೇ. ಈ ಕ್ರಮ ಇಟಲಿಯಲ್ಲಿ ಒಮ್ಮೆಗೇ ಹುಟ್ಟಲಿಲ್ಲ. 1400ರ ಸುಮಾರಿಗೆ ಚಿತ್ರಕಲೆಯ ಕೈಪಿಡಿ ಬರೆದ ಚೆನ್ನಿನೊ ಚೆನ್ನಿನಿ ಗೋಡೆಯ ಚಿತ್ರಕ್ಕೆ ಕೆಮ್ಮಣ್ಣಿನ ಗುರುತನ್ನೇ ಹೇಳುತ್ತಾನೆ. ರಂಧ್ರದ ಕಾಗದವನ್ನು ಬಟ್ಟೆಯ ಬುಟ್ಟಾಗಳಂಥ ಮರುಕಳಿಸುವ ವಿನ್ಯಾಸಕ್ಕೆ ಮೀಸಲಿಡುತ್ತಾನೆ. ಆಮೇಲಿನ ಅರ್ಧ ಶತಮಾನದಲ್ಲಿ ಕಾಸ್ತಾನ್ಯೊ, ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಮುಂತಾದ ಚಿತ್ರಕಾರರು ಅದನ್ನು ಮನುಷ್ಯರ ಆಕೃತಿಗೂ ವಿಸ್ತರಿಸಿದರು. ಇಟಲಿಯ ಫಾಬ್ರಿಯಾನೊ ಊರಿನಲ್ಲಿ 13ನೇ ಶತಮಾನದಿಂದಲೇ ಕಾಗದ ತಯಾರಾಗುತ್ತಿತ್ತು. ತೊಗಲಿಗಿಂತ ಬಹಳ ಅಗ್ಗವಾದ ಈ ಸರಕು ಊರೂರಿಗೂ ಸಿಗತೊಡಗಿದ ಮೇಲೆ, ಹರಿದು ಬಿಸಾಡಬಹುದಾದ ಎಂಟು ಮೀಟರಿನ ಕರಡು ಎಂಬ ಆಲೋಚನೆಯೇ ಸಾಧ್ಯವಾಯಿತು.

ಕಾಗದದ ಪಾತ್ರ ಎಷ್ಟೆಂದು ತೂಗಲು ಚೀನಾದ ದುನ್‌ಹುವಾಂಗ್ ಗುಹೆಗಳು ಒಳ್ಳೆಯ ಸಾಕ್ಷಿ. ಕಾಗದ ಹುಟ್ಟಿದ ನಾಡು ಅದು. ಅಲ್ಲಿಯ 17ನೇ ಗುಹೆಯಲ್ಲಿ ಮುಚ್ಚಿಟ್ಟಿದ್ದ ರಾಶಿಯಲ್ಲಿ, ಸಾವಿರ ವರ್ಷಕ್ಕೂ ಹಳೆಯವಾದ, ಬುದ್ಧನ ಆಕೃತಿಯ ಸುತ್ತ ಸೂಜಿ ರಂಧ್ರಗಳಿರುವ ಹಾಳೆಗಳು ಸಿಕ್ಕವು. ಕೆಲವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅಂದರೆ ಇಟಲಿಗಿಂತ ನಾಲ್ಕೈದು ಶತಮಾನ ಮುಂಚೆಯೇ ಈ ವಿದ್ಯೆ ಏಷ್ಯಾದಲ್ಲಿತ್ತು. ಆದರೆ ಅಲ್ಲಿಯವರು ಅದನ್ನು ಬಳಸಿದ್ದು ಒಂದೇ ಬಗೆಯ ಬುದ್ಧರನ್ನು ಸಾಲುಸಾಲಾಗಿ ಬರೆಯಬೇಕಾದ ಕಡೆ. ದೊಡ್ಡ ಕಥಾಚಿತ್ರಗಳಿಗೆ ಸಣ್ಣ ಕರಡು ನೋಡಿಕೊಂಡು ಗೋಡೆಯ ಮೇಲೆ ಕೈಯಿಂದಲೇ ಬರೆಯುತ್ತಿದ್ದರು. ಏಕೆಂದರೆ ಅಲ್ಲಿಯ ಗೋಡೆ ಒಣಗಿದ ಮಣ್ಣಿನ ಗೋಡೆ, ಬಣ್ಣಕ್ಕೆ ಅಂಟು ಇತ್ತು, ಅವಸರ ಇರಲಿಲ್ಲ. ಕಾಗದ ಇದ್ದರೂ ಹಸಿ ಸುಣ್ಣ ಇಲ್ಲದ ಕಡೆ, ಇಡೀ ಚಿತ್ರದ ಗೋಡೆಯಳತೆಯ ಕರಡು ಬೇಕಾಗಲಿಲ್ಲ. ನನ್ನ ವಾದದ ಒಂದು ಕಾಲು ಇಲ್ಲಿ ಊರಿತು.

ಈಗ ನಮ್ಮ ಕಡೆಗೆ ಬರೋಣ. ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ‘ಮಾನಸೋಲ್ಲಾಸ’ವನ್ನು ಬರೆದ. ಆ ಗ್ರಂಥದ ಚಿತ್ರ ಪ್ರಕರಣ ಬಹುಶಃ ಇಡೀ ದೇಶದಲ್ಲೇ ಕೆಲಸದ ವಿವರ ಹೆಚ್ಚು ಕೊಡುವ ಬರಹಗಳಲ್ಲಿ ಒಂದು. ಗೋಡೆಯನ್ನು ನುಣುಪು ಮಾಡುವುದು. ಎಮ್ಮೆಯ ತೊಗಲನ್ನು ಬೇಯಿಸಿ ವಜ್ರಲೇಪವೆಂಬ ಅಂಟು ತಯಾರಿಸುವುದು. ಅದನ್ನು ಬಿಳಿ ಮಣ್ಣಿನೊಡನೆ ಕಲಸಿ ಗೋಡೆಗೆ ಪದರ ಪದರವಾಗಿ ಬಳಿಯುವುದು. ಕಾಡಿಗೆಯನ್ನು ಅನ್ನದೊಡನೆ ಅರೆದು ಕಡ್ಡಿ ಮಾಡಿ ಅದರಿಂದ ಮೊದಲ ಗೆರೆ ಎಳೆಯುವುದು. ಬ್ರಹ್ಮಸೂತ್ರವೆಂಬ ನಡುಗೆರೆ ಹಿಡಿದು ಆಕೃತಿಯ ಸಮತೋಲ ನೋಡುವುದು. ಮುಖ ನೇರವಾಗಿದೆಯೇ, ಓರೆಯಾಗಿದೆಯೇ, ಪೂರ್ತಿ ಪಕ್ಕಕ್ಕೆ ತಿರುಗಿದೆಯೇ ಎಂಬುದಕ್ಕೆ ತಕ್ಕಂತೆ ಅಳತೆ ಬದಲಿಸುವುದು. ಇವೆಲ್ಲ ಅಲ್ಲಿ ಕ್ರಮವಾಗಿ ಬರುತ್ತವೆ. ಇದನ್ನು ಓದಿದ ಮೇಲೆ, ನಮ್ಮವರು ಕೈಗೆ ಬಂದಂತೆ ಬರೆದರು ಎಂಬ ಮಾತು ನಿಲ್ಲುವುದಿಲ್ಲ. ಧ್ಯಾನವೊಂದೇ ಸಾಕಾಗಿತ್ತು ಎಂಬ ಮಾತೂ ನಿಲ್ಲುವುದಿಲ್ಲ; ಧ್ಯಾನಕ್ಕೆ ನೂಲು, ಅಳತೆಗೋಲು, ಕಾಡಿಗೆಕಡ್ಡಿ ಬೇಕಾಗಿರಲಿಲ್ಲ. ಇದಕ್ಕಿಂತ ಮುಖ್ಯ ಸಂಗತಿ ವಜ್ರಲೇಪ. ಅಂಟಿನ ನೆಲೆ ಎಂದ ಮೇಲೆ ಬರೆಯುವುದು ಒಣ ಗೋಡೆಯ ಮೇಲೆ. ಒಣ ಗೋಡೆಯ ಮೇಲೆ ಬರೆದ ಗೆರೆಯನ್ನು ಯಾವ ಗಾರೆಯೂ ಬಂದು ಮುಚ್ಚುವುದಿಲ್ಲ. ಅದೇ ಗೆರೆಯ ಒಳಗೆ ಬಣ್ಣ ತುಂಬಬಹುದು, ತಪ್ಪಿದರೆ ತಿದ್ದಬಹುದು, ನಾಳೆ ಮುಂದುವರಿಸಬಹುದು. ಗೋಡೆಯೇ ಕರಡಿನ ಹಾಳೆಯಾದಾಗ ಇನ್ನೊಂದು ಹಾಳೆಯ ಅಗತ್ಯವೇನು? ಅಜಂತಾದಲ್ಲಿ ಬಣ್ಣ ಉದುರಿದ ಕಡೆಗಳಲ್ಲಿ ಜಾಜಿನ ಕೆಂಪು ಗೆರೆ ಕಾಣುತ್ತದೆ. ಆ ಚಿತ್ರಗಳ ಕರಡು ಎಲ್ಲಿದೆ ಎಂದು ಕೇಳುವವರಿಗೆ ಅದೇ ಉತ್ತರ: ಚಿತ್ರದ ಕೆಳಗಿದೆ.

ಇಲ್ಲಿ ತಿಳಿದವರು ಒಂದು ಆಕ್ಷೇಪ ಎತ್ತಬಹುದು. ದಕ್ಷಿಣದ ಚಿತ್ರಗಳೆಲ್ಲ ಒಣ ಗೋಡೆಯವಲ್ಲ. ತಂಜಾವೂರಿನ ಬೃಹದೀಶ್ವರ ದೇವಾಲಯದ 11ನೇ ಶತಮಾನದ ಚೋಳರ ಚಿತ್ರಗಳನ್ನು ರಾಸಾಯನಿಕವಾಗಿ ಪರೀಕ್ಷಿಸಿದ ಎಸ್. ಪರಮಶಿವನ್ ಅವು ಹಸಿ ಸುಣ್ಣದ ಮೇಲೆ ಬರೆದವು ಎಂದು ತೀರ್ಮಾನಿಸಿದರು. ನಮ್ಮ ಉತ್ತರ ಕನ್ನಡದ ಕರಾವಳಿಯ ಗುಡಿಗಳ ಕಾವಿ ಕಲೆಯೂ ಹಸಿ ಸುಣ್ಣದ್ದೇ: ಬಿಳಿ ಗಾರೆಯ ಮೇಲೆ ಕಾವಿ ಬಣ್ಣದ ಗಾರೆ ಬಳಿದು, ಒಣಗುವ ಮುಂಚೆ ಕೆರೆದು, ಒಳಗಿನ ಬಿಳಿಯಿಂದ ಚಿತ್ರ ಮೂಡಿಸುತ್ತಾರೆ. ಹಾಗಾದರೆ ಇಲ್ಲೆಲ್ಲ ಗೋಡೆಯಳತೆಯ ಕರಡು ಏಕೆ ಬರಲಿಲ್ಲ? ಉತ್ತರ ನನ್ನ ವಾದದ ಇನ್ನೊಂದು ಕಾಲಿನಲ್ಲಿದೆ. ತಂಜಾವೂರಿನ ಚಿತ್ರಕಾರರ ಕಾಲಕ್ಕೆ ದಕ್ಷಿಣದಲ್ಲಿ ಬರವಣಿಗೆಯ ಸಾಧನ ತಾಳೆಗರಿ. ನಾಲ್ಕು ಬೆರಳಗಲ ಮೀರದ ಗರಿಯಲ್ಲಿ ಅಕ್ಷರ ಹಿಡಿಸುತ್ತದೆ, ಆಳೆತ್ತರದ ದೇವರು ಹಿಡಿಸುವುದಿಲ್ಲ. ನಮ್ಮಲ್ಲಿ ಬಳಕೆಯಲ್ಲಿದ್ದ ಇನ್ನೊಂದು ಸಾಧನ ಕಡತ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಹಚ್ಚಿ, ಬಳಪದಲ್ಲಿ ಬರೆದು, ಬೇಡವಾದಾಗ ಅಳಿಸುವ ಮಡಿಕೆ ಪುಸ್ತಕ. ಕಡತದಲ್ಲಿ ಗುಡಿಯ ಚಿತ್ರಗಳ ಕರಡು ಬರೆದರೆಂದು ನಾನು ಹೇಳುತ್ತಿಲ್ಲ. ಅಳಿಸಿ ಮತ್ತೆ ಬರೆಯುವುದೇ ಸಹಜವಾಗಿದ್ದ ಸಾಧನಗಳ ನಡುವೆ, ಕರಡನ್ನು ಕೂಡಿಡುವ ಅಭ್ಯಾಸ ಬೆಳೆಯುವುದು ಕಷ್ಟ ಎಂದಷ್ಟೇ ಹೇಳುತ್ತೇನೆ. ಕಾವಿ ಕಲೆಯಲ್ಲಂತೂ ಅವಸರದ ತೊಡಕನ್ನು ಬೇರೆ ದಾರಿಯಲ್ಲಿ ಬಿಡಿಸಿಕೊಂಡಿದ್ದಾರೆ. ಕೈವಾರದಿಂದ ಎಳೆದ ವೃತ್ತಗಳು, ವೃತ್ತದೊಳಗಿನ ದಳಗಳು, ಮರುಕಳಿಸುವ ಅಂಚುಪಟ್ಟಿ, ಚೌಕಟ್ಟಿಗೊಂದೇ ದೇವತೆ. ಹಸಿ ಸುಣ್ಣ ಇದ್ದು ಕಾಗದ ಇಲ್ಲದ ಕಡೆ, ವಿನ್ಯಾಸವೇ ಕೈಗೂ ಕೈವಾರಕ್ಕೂ ಒಗ್ಗುವಂತೆ ರೂಪುಗೊಂಡಿತು.

ನಮ್ಮ ಶಿವಮೊಗ್ಗ ಜಿಲ್ಲೆಯದೇ ಇನ್ನೊಂದು ಉದಾಹರಣೆ ನೋಡಬೇಕು. ಸಾಗರ, ಸೊರಬ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಬರೆಯುವ ಹಸೆ ಚಿತ್ತಾರಕ್ಕೆ ಯಾವ ಕರಡೂ ಇಲ್ಲ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿಯ ಹಿಟ್ಟಿನ ಬಿಳಿ, ಅಕ್ಕಿ ಹುರಿದು ಕರಿಕಾಗಿಸಿದ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಚಿತ್ತಾರಗಿತ್ತಿ ನೇರವಾಗಿ ಎಳೆ ಎಳೆಯುತ್ತಾಳೆ. ನೋಡಿದಿರಾ, ಇದು ನೇರ ಸ್ಫೂರ್ತಿ ಎಂದು ಹೆಮ್ಮೆಯ ವಾದದವರು ಹೇಳಿಯಾರು. ಆದರೆ ಆ ಚಿತ್ತಾರದ ಹಸೆಯನ್ನು ಗಮನಿಸಿ. ಚೌಕಟ್ಟಿನ ಅಂಚು ನಾಲ್ಕೂ ಮೂಲೆಯಲ್ಲಿ ಸರಿಯಾಗಿ ಕೂಡುತ್ತದೆ. ಒಳಗಿನ ಜಾಲ ಎಲ್ಲೂ ಅರೆಬರೆಯಾಗಿ ಮುಗಿಯುವುದಿಲ್ಲ. ಎಳೆಗೂ ಎಳೆಗೂ ನಡುವಿನ ತೆರಪು ಒಂದೇ ಸಮ. ಗೋಡೆಯ ಅಗಲಕ್ಕೆ ಎಷ್ಟು ಮನೆಗಳು ಹಿಡಿಯುತ್ತವೆಂಬ ಲೆಕ್ಕ ಮೊದಲೇ ಇಲ್ಲದೆ ಇದು ಆಗುವ ಕೆಲಸವಲ್ಲ. ಆ ಲೆಕ್ಕ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕಣ್ಣಲ್ಲೂ ಕೈಯಲ್ಲೂ ಇಳಿದುಬಂದಿದೆ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಅದನ್ನೇ ಬರೆಯುವಾಗ ಪ್ರತಿ ವರ್ಷ ಆ ಲೆಕ್ಕದ ಮರುಪಾಠ ಆಗುತ್ತದೆ. ಇದಕ್ಕೆ ಇಟಲಿಯಿಂದಲೇ ಜೊತೆಸಾಕ್ಷಿ ಬೇಕೆಂದರೆ ಮೈಕೆಲೆಂಜೆಲೊ ಇದ್ದಾನೆ. 1508ರಿಂದ 1512ರವರೆಗೆ ಸಿಸ್ಟೀನ್ ಮಂದಿರದ ಚಾವಣಿ ಬರೆದ ಅವನು ಮುಖ್ಯ ಕಥಾಚಿತ್ರಗಳಿಗೆ ಗೋಡೆಯಳತೆಯ ಕರಡು ಮಾಡಿಕೊಂಡ. ಕಿಟಕಿಯ ಮೇಲಿನ ಕಮಾನುಗಳಲ್ಲಿ ಕರಡಿಲ್ಲದೆ ನೇರವಾಗಿ ಗಾರೆಯ ಮೇಲೆಯೇ ಬರೆದ. ಮನುಷ್ಯ ಒಬ್ಬನೇ, ಕಟ್ಟಡ ಒಂದೇ. ಒಂದು ಕಡೆ ಅವನು ಯೋಜಕ, ಇನ್ನೊಂದು ಕಡೆ ಧ್ಯಾನಿ ಎಂದು ಯಾರಾದರೂ ಹೇಳುತ್ತಾರೆಯೇ? ಕೆಲಸಕ್ಕೆ ಎಲ್ಲಿ ಬೇಕೋ ಅಲ್ಲಿ ಕರಡು, ಬೇಡದ ಕಡೆ ಇಲ್ಲ.

ಇನ್ನು ಕಾಗದ ನಮ್ಮಲ್ಲಿ ಬಂದ ಮೇಲೆ ಏನಾಯಿತು? ಅದಕ್ಕೆ ಶ್ರೀರಂಗಪಟ್ಟಣ ಸಾಕ್ಷಿ ಹೇಳುತ್ತದೆ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಯ್ಲಿಯ ಇಂಗ್ಲಿಷ್ ದಳವನ್ನು ಸೋಲಿಸಿದರು. ಆ ಗೆಲುವನ್ನು 1784ರಲ್ಲಿ ಅಲ್ಲಿಯ ದರಿಯಾ ದೌಲತ್ ಬಾಗ್ ಅರಮನೆಯ ಪಡುವಣ ಗೋಡೆಗೆ ಬರೆಸಲಾಯಿತು. ಅದೇ ಯುದ್ಧದ ಅದೇ ವಿನ್ಯಾಸವನ್ನು ಕಾಗದದ ಮೇಲೆ ಬರೆದ ಭಾರಿ ಚಿತ್ರಗಳೂ ಇವೆ. ಅವುಗಳಲ್ಲಿ ಒಂದು 2010ರಲ್ಲಿ ಲಂಡನ್ನಿನ ಸೋದಬೀಸ್ ಹರಾಜಿಗೆ ಬಂತು. ಇನ್ನೊಂದು, 10 ದೊಡ್ಡ ಹಾಳೆಗಳ, ಸುಮಾರು 32 ಅಡಿ ಉದ್ದದ್ದು, 2022ರ ಮಾರ್ಚಿನಲ್ಲಿ 6 ಲಕ್ಷ 30 ಸಾವಿರ ಪೌಂಡಿಗೆ ಮಾರಾಟವಾಯಿತು. ಇಂಥ ಹಾಳೆ ಗೋಡೆಗಿಂತ ಮುಂಚಿನ ಕರಡೋ, ಗೋಡೆ ನೋಡಿ ಆಮೇಲೆ ಮಾಡಿದ ನಕಲೋ ಎಂಬ ಪ್ರಶ್ನೆ ಸಹಜ. ಅದನ್ನು ತೀರ್ಮಾನಿಸುವ ಗುರುತುಗಳಿವೆ. ಕರಡಿನಲ್ಲಿ ಮನಸ್ಸು ಬದಲಾದ ಗುರುತು ಇರುತ್ತದೆ: ಒಂದು ಕೈಗೆ ಎರಡು ಗೆರೆ, ಕುದುರೆಯ ಕಾಲು ಸರಿದ ಜಾಗ. ಸೂಜಿಯ ರಂಧ್ರ, ಒತ್ತಿದ ಗೀರು, ಇದ್ದಿಲ ಪುಡಿಯ ಮಸಿ ಇರಬಹುದು. ನಕಲಿನಲ್ಲಿ ಗೆರೆ ಅನುಮಾನಪಡುವುದಿಲ್ಲ, ಬಣ್ಣ ಮುಗಿದಿರುತ್ತದೆ, ಕೊಳ್ಳುವವನ ಕಣ್ಣಿಗೆ ಒಪ್ಪುವ ಅಂದ ಇರುತ್ತದೆ. ಪೊಲ್ಲಿಲೂರಿನ ಹಾಳೆಗಳನ್ನು ಹರಾಜಿನವರು 19ನೇ ಶತಮಾನದ ಆರಂಭಕ್ಕೆ ಸೇರಿಸಿದ್ದರಿಂದ ನಕಲು ಎಂಬ ಕಡೆಗೆ ತಕ್ಕಡಿ ವಾಲುತ್ತದೆ. ಆದರೂ ನನ್ನ ವಾದಕ್ಕೆ ಅದರಿಂದ ಕೊರತೆಯಿಲ್ಲ. ಕಾಗದ ಧಾರಾಳವಾಗಿ ದೊರೆಯುವ ಕಾಲ ಬಂದ ಕೂಡಲೇ, ಗೋಡೆಯಷ್ಟು ದೊಡ್ಡ ಚಿತ್ರವನ್ನು ಹಾಳೆಗೆ ತರುವ ಎದೆಗಾರಿಕೆಯೂ ಕೈಚಳಕವೂ ಕನ್ನಡ ನಾಡಿನ ಚಿತ್ರಕಾರರಲ್ಲಿ ಸಿದ್ಧವಾಗಿಯೇ ಇತ್ತು ಎಂಬುದನ್ನು ಆ ಹಾಳೆಗಳು ತೋರಿಸುತ್ತವೆ. ಮೈಸೂರು ಶೈಲಿಯ ಚಿತ್ರಕಾರರು ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಮಾಡಿಕೊಂಡ ಇದ್ದಿಲಿನಿಂದ ಮೊದಲ ಗೆರೆ ಎಳೆಯುತ್ತಿದ್ದುದೂ ಇದೇ ಮಾತನ್ನು ಹೇಳುತ್ತದೆ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು. ಕರಡು ಇತ್ತೋ ಇಲ್ಲವೋ, ಅದರಿಂದ ಏನಾಗಬೇಕಾಗಿದೆ? ಚಿತ್ರ ಉಳಿದರೆ ಸಾಲದೇ? ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಮೊದಲನೆಯದು, ಕರಡು ಹೇಳುವುದನ್ನು ಮುಗಿದ ಚಿತ್ರ ಹೇಳಲಾರದು. ‘ಸ್ಕೂಲ್ ಆಫ್ ಅಥೆನ್ಸ್’ನ ಮುಂಭಾಗದಲ್ಲಿ ಮೆಟ್ಟಿಲ ಬಳಿ ಒಬ್ಬ ದಪ್ಪ ಮೈಯ ಮನುಷ್ಯ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾನೆ. ಇಂದು ಆ ಚಿತ್ರದಲ್ಲಿ ಎಲ್ಲರ ಕಣ್ಣು ಮೊದಲು ಹೋಗುವ ಆಕೃತಿಗಳಲ್ಲಿ ಅದೂ ಒಂದು. ಮಿಲಾನಿನ ಕರಡಿನಲ್ಲಿ ಅವನಿಲ್ಲ. ಉಳಿದವರೆಲ್ಲ ಗೋಡೆಗೆ ಏರಿದ ಮೇಲೆ ರಾಫೇಲ್ ಅಲ್ಲಿಯ ಗಾರೆ ಕೆತ್ತಿಸಿ, ಹೊಸ ಗಾರೆ ಬಳಿಸಿ ಅವನನ್ನು ಸೇರಿಸಿದ. ಕರಡು ಕಳೆದುಹೋಗಿದ್ದರೆ ಆ ಮನಸ್ಸಿನ ತಿರುವು ಇಷ್ಟು ನಿಚ್ಚಳವಾಗಿ ತಿಳಿಯುತ್ತಿರಲಿಲ್ಲ. ಎರಡನೆಯ ಉತ್ತರ ವ್ಯಾವಹಾರಿಕ. ಗೋಡೆ ಹಾಳಾದಾಗ ನೆರವಿಗೆ ಬರುವುದು ಗೆರೆ. ದರಿಯಾ ದೌಲತಿನ ಚಿತ್ರಗಳು ಯುದ್ಧದ ಕಾಲದಲ್ಲಿ ಕೆಟ್ಟವು; ಇಂಗ್ಲಿಷ್ ಸೇನಾಧಿಕಾರಿ ವೆಲ್ಲೆಸ್ಲಿ ಅವನ್ನು ಸರಿಮಾಡಿಸಿದ; ಮತ್ತೆ ಮಾಸಿದವು; 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಮತ್ತೆ ಬರೆಸಲಾಯಿತು. ಇಂದು ನಾವು ಕಾಣುವ ಗೋಡೆಯಲ್ಲಿ 1784ರ ಕೈ ಎಷ್ಟು, 1855ರ ಕೈ ಎಷ್ಟು ಎಂಬುದನ್ನು ಅಳೆಯಲು ಮೂಲದ ಗೆರೆಗಳಿದ್ದಿದ್ದರೆ ಎಷ್ಟು ಸುಲಭವಾಗುತ್ತಿತ್ತು! 1923ರಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಯವರಿಗೆ ಇದನ್ನು ಅವರ ಮಾತಿನಲ್ಲೇ ಹೇಳಬಹುದು: ಮರಳಿನ ಅಚ್ಚು ಒಂದು ಎರಕಕ್ಕೆ ಒಡೆದುಹೋಗುತ್ತದೆ, ಎರಕದ ಸಾಮಾನು ಸವೆಯುತ್ತದೆ, ಆದರೆ ಮರದ ಪ್ಯಾಟರ್ನನ್ನು ಉಗ್ರಾಣದಲ್ಲಿ ಇಟ್ಟುಕೊಂಡವನು ಅದೇ ಸಾಮಾನನ್ನು ಮತ್ತೆ ಎರೆಯಬಲ್ಲ.

ಹಾಗೆಂದು ಇಟಲಿಯವರೆಲ್ಲ ಕರಡನ್ನು ಜೋಪಾನ ಮಾಡಿದರು ಎಂದುಕೊಳ್ಳುವುದು ತಪ್ಪು. ಫ್ಲಾರೆನ್ಸಿನ ಸಭಾಭವನಕ್ಕಾಗಿ ಲಿಯೊನಾರ್ಡೊ ಮತ್ತು ಮೈಕೆಲೆಂಜೆಲೊ 16ನೇ ಶತಮಾನದ ಮೊದಲ ವರ್ಷಗಳಲ್ಲಿ ಎದುರುಬದುರಾಗಿ ಮಾಡಿದ ಎರಡು ಯುದ್ಧಚಿತ್ರಗಳ ಕರಡುಗಳನ್ನು ನೋಡಿ ಕಲಿಯಲು ಚಿತ್ರಕಾರರ ಪೀಳಿಗೆಯೇ ಬಂತು. ಆದರೂ ಎರಡೂ ಇಲ್ಲವಾದವು. ಮೈಕೆಲೆಂಜೆಲೊನ ಯುದ್ಧದ ಕರಡು ಹೇಗಿತ್ತೆಂದು ಇಂದು ತಿಳಿಯುವುದು 1542ರಲ್ಲಿ ಇನ್ನೊಬ್ಬ ಮಾಡಿಟ್ಟ ನಕಲಿನಿಂದ. ಸಾಯುವ ಮುಂಚೆ ಮೈಕೆಲೆಂಜೆಲೊ ತನ್ನ ಹಲವಾರು ರೇಖಾಚಿತ್ರಗಳನ್ನು ಬೆಂಕಿಗೆ ಹಾಕಿದ ಎಂದು ಅವನ ಜೀವನಚರಿತ್ರೆ ಬರೆದ ವಸಾರಿ ಹೇಳಿದ್ದಾನೆ. ಮಿಲಾನಿನ ಹಾಳೆ ಉಳಿದದ್ದಕ್ಕೂ ಕಾರಣವಿದೆ. ಅದರ ಕೆಳಗೆ ಬೇರೆ ಹಾಳೆಗಳನ್ನಿಟ್ಟು ರಂಧ್ರ ಮಾಡಿ, ಆ ಹಾಳೆಗಳನ್ನಷ್ಟೇ ಒದ್ದೆ ಗಾರೆಗೆ ಒತ್ತಿದ್ದಾರೆ. ಮೂಲವನ್ನು ಉಳಿಸಬೇಕೆಂದು ಯಾರೋ ಮೊದಲೇ ತೀರ್ಮಾನಿಸಿದ್ದರು. 17ನೇ ಶತಮಾನದ ಆರಂಭದಲ್ಲಿ ಕಾರ್ಡಿನಲ್ ಫೆಡೆರಿಕೊ ಬೊರೊಮೆಯೊ ಅದನ್ನು ಆಂಬ್ರೋಸಿಯಾನಾಕ್ಕೆ ತಂದ. ಉಳಿಕೆ ಎಂಬುದು ಜನಾಂಗದ ಗುಣವಲ್ಲ, ಕೆಲವರು ಬೇಕೆಂದು ಮಾಡಿದ ತೀರ್ಮಾನ.

ಆ ತೀರ್ಮಾನ ನಾವೂ ಮಾಡಬಹುದು, ಮಾಡಲು ಈಗ ಹೊತ್ತೂ ಆಗಿದೆ. ಹಳ್ಳಿಯ ಮಣ್ಣಿನ ಗೋಡೆಗಳು ಸಿಮೆಂಟಿಗೆ ತಿರುಗುತ್ತಿವೆ. ಚಿತ್ತಾರ ಗೋಡೆ ಬಿಟ್ಟು ಚೌಕಟ್ಟಿಗೆ, ಬಟ್ಟೆಗೆ ಹೋಗುತ್ತಿದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಗುಡಿಯ ಗೋಡೆಗೆ ಸುಣ್ಣ, ಎನಾಮೆಲ್ ಬಣ್ಣ ಬಳಿಯುವುದು ಹಲವು ಊರುಗಳಲ್ಲಿ ನಡೆದಿದೆ. ಬಳಿಯುವ ಮುಂಚೆ ಅಲ್ಲಿರುವ ಗೆರೆಯನ್ನು ಗೋಡೆಯಳತೆಯಲ್ಲೇ ಕಾಗದಕ್ಕೆ ಇಳಿಸಿಕೊಳ್ಳುವುದು ಒಂದೆರಡು ದಿನದ ಕೆಲಸ. ಶಾಲೆಯ, ಬಸ್ ನಿಲ್ದಾಣದ, ಕಚೇರಿಯ ಗೋಡೆಗೆ ಹೊಸದಾಗಿ ಚಿತ್ರ ಬರೆಸುವವರು, ಚಿತ್ರದ ಜೊತೆಗೆ ಕರಡನ್ನೂ ಒಪ್ಪಿಸಬೇಕೆಂದು ಕೆಲಸದ ಕರಾರಿನಲ್ಲೇ ಒಂದು ಸಾಲು ಸೇರಿಸಬಹುದು. ಇಡಲು ಜಾಗ ಹುಡುಕಬೇಕಾಗಿಲ್ಲ. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ. ಚಿತ್ತಾರಗಿತ್ತಿಯೊಬ್ಬಳು ಯಾವ ಎಳೆ ಮೊದಲು, ಯಾವುದು ಆಮೇಲೆ ಎಳೆಯುತ್ತಾಳೆ ಎಂಬ ಕ್ರಮವನ್ನು ಅವಳ ಮಾತಿನಲ್ಲೇ ದಾಖಲಿಸಿದರೆ, ಕಾಗದವಿಲ್ಲದ ಆ ಕರಡಿಗೂ ಅಲ್ಲಿ ಜಾಗ ಸಿಗುತ್ತದೆ. ಹಳೆಯ ಚಿತ್ರಕಾರರಿಗೆ ಕಾಗದ ಇರಲಿಲ್ಲ, ಒಣ ಗೋಡೆಗೆ ಅದು ಬೇಕೂ ಇರಲಿಲ್ಲ. ಅವರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ನಮಗೆ ಕಾಗದವೂ ಇದೆ, ಕ್ಯಾಮೆರಾವೂ ಇದೆ. ಮುಂದಿನವರು ಕರಡು ಎಲ್ಲಿ ಎಂದು ಕೇಳಿದರೆ ಹೇಳಲು ನಮ್ಮ ಬಳಿ ಆ ನೆಪವೂ ಇರುವುದಿಲ್ಲ.